ಊರು ಕಳೆದುಕೊಂಡು ಯುದ್ಧ ಮಾಡಿದವರು: ಪೋಲೆಂಡಿನ ಸೈನಿಕರ ಬಗ್ಗೆ ನಿಮ್ಮ ಪ್ರಶ್ನೆಗಳು

ಎರಡನೇ ಮಹಾಯುದ್ಧದಲ್ಲಿ ಮಿತ್ರರಾಷ್ಟ್ರಗಳ ಜೊತೆ ಸೇರಿ ಹೋರಾಡಿದ ಪೋಲೆಂಡಿನವರ ಬಗ್ಗೆ ಬಂದ ಪ್ರಶ್ನೆಗಳು ಒಂದೆರಡಲ್ಲ. ಅದಕ್ಕೇ ಈ ಸಲ ಬೇರೆ ವಿಷಯ ಮುಟ್ಟುತ್ತಿಲ್ಲ, ಪೂರ್ತಿ ಅಂಕಣ ಇವರಿಗೇ.

ಪ್ರಶ್ನೆ: ಪೋಲೆಂಡ್ 1939ರಲ್ಲೇ ಸೋತು ಮುಗಿಯಿತು ಅಂತ ಶಾಲೆಯಲ್ಲಿ ಓದಿದ್ದೇವೆ. ಹಾಗಾದರೆ 1944ರಲ್ಲಿ ಇಟಲಿಯಲ್ಲಿ ಯುದ್ಧ ಮಾಡಿದ ಪೋಲಿಷ್ ಸೈನಿಕರು ಎಲ್ಲಿಂದ ಬಂದರು ಸಾರ್?

ನೆಲ ಹೋಗಿತ್ತು, ನಿಜ. ಆದರೆ ಪೋಲೆಂಡಿನ ಸರ್ಕಾರ ಯಾವ ಶರಣಾಗತಿ ಪತ್ರಕ್ಕೂ ಸಹಿ ಹಾಕಲಿಲ್ಲ. ಸೆಪ್ಟೆಂಬರ್ 1ರಂದು ಪಶ್ಚಿಮದಿಂದ ಜರ್ಮನಿ ನುಗ್ಗಿತು, 17ರಂದು ಪೂರ್ವದಿಂದ ಸೋವಿಯತ್ ಸೇನೆ ನುಗ್ಗಿತು. ಸರ್ಕಾರದವರು ಗಡಿ ದಾಟಿ ರೊಮೇನಿಯಾಕ್ಕೆ ಹೋದರು, ಅಲ್ಲಿ ಅವರನ್ನು ಹಿಡಿದಿಟ್ಟುಕೊಂಡರು. ಆಗ ಅಧ್ಯಕ್ಷರು ಮಾಡಿದ್ದು ಜಾಣ ಕೆಲಸ. ಅಧ್ಯಕ್ಷರು ತಮ್ಮ ಉತ್ತರಾಧಿಕಾರಿಯನ್ನು ತಾವೇ ಹೆಸರಿಸಬಹುದು ಎಂದು ಅವರ ಸಂವಿಧಾನದಲ್ಲಿ ಇತ್ತು. ಅದರ ಪ್ರಕಾರ ಪ್ಯಾರಿಸ್‌ನಲ್ಲಿದ್ದ ರಾಚ್ಕಿಯೆವಿಚ್ ಅವರನ್ನು ಹೆಸರಿಸಿ ಅಧಿಕಾರ ದಾಟಿಸಿದರು. ಜನರಲ್ ಸಿಕೋರ್ಸ್ಕಿ ಪ್ರಧಾನಿಯಾದರು, ಸೇನೆಯ ಮುಖ್ಯಸ್ಥರೂ ಆದರು. ನೆಲ ಇಲ್ಲದಿದ್ದರೂ ಕಾನೂನಿನ ಲೆಕ್ಕದಲ್ಲಿ ದೇಶ ಬದುಕಿತ್ತು.

ಸೈನಿಕರದು ಇನ್ನೊಂದು ಕತೆ. ಸಾವಿರಾರು ಜನ ರೊಮೇನಿಯಾ, ಹಂಗೇರಿಗಳಿಗೆ ದಾಟಿ ಅಲ್ಲಿನ ಶಿಬಿರಗಳಲ್ಲಿ ಸಿಕ್ಕಿಬಿದ್ದರು. ಕಾವಲಿನವರಲ್ಲಿ ಎಷ್ಟೋ ಜನ ನೋಡಿಯೂ ನೋಡದ ಹಾಗೆ ಇದ್ದರು. ಸುಳ್ಳು ಕಾಗದಪತ್ರ ಮಾಡಿಸಿಕೊಂಡು, ಸಮವಸ್ತ್ರ ಬಿಟ್ಟು ಸಾದಾ ಬಟ್ಟೆ ಹಾಕಿಕೊಂಡು, ರೈಲಿನಲ್ಲೋ ಹಡಗಿನಲ್ಲೋ ಫ್ರಾನ್ಸ್ ಸೇರಿದರು. ಜರ್ಮನ್ ಪ್ರಚಾರದವರು ಇವರನ್ನು 'ಸಿಕೋರ್ಸ್ಕಿಯ ಪ್ರವಾಸಿಗಳು' ಎಂದು ಗೇಲಿ ಮಾಡುತ್ತಿದ್ದರು. ಫ್ರಾನ್ಸಿನ ಗಣಿಗಳಲ್ಲಿ ಮೊದಲೇ ಕೆಲಸಕ್ಕಿದ್ದ ಪೋಲಿಷ್ ಕೂಲಿಗಳೂ ಸೇರಿ 1940ರ ಹೊತ್ತಿಗೆ ಅಲ್ಲಿ ಸುಮಾರು 80,000 ಜನರ ಸೇನೆ ತಯಾರಾಯಿತು. ಅದರ ಒಂದು ಬ್ರಿಗೇಡ್ ನಾರ್ವೆಯ ನಾರ್ವಿಕ್‌ನಲ್ಲಿ ಹೋರಾಡಿತು. ಅಷ್ಟರಲ್ಲಿ ಜೂನ್‌ನಲ್ಲಿ ಫ್ರಾನ್ಸೂ ಬಿತ್ತು. ಸೇನೆಯ ಬಹುಪಾಲು ಅಲ್ಲೇ ಕರಗಿಹೋಯಿತು, ಸುಮಾರು ಕಾಲುಭಾಗ ಮಾತ್ರ ಬ್ರಿಟನ್ ಮುಟ್ಟಿತು. ಸರ್ಕಾರವೂ ಲಂಡನ್ನಿಗೆ ಹೋಯಿತು. ಹೀಗೆ ಮತ್ತೆ ಮೊದಲಿನಿಂದ ಶುರು.

ನೌಕಾಪಡೆ ಮಾತ್ರ ಮುಂಚೆಯೇ ಎಚ್ಚೆತ್ತಿತ್ತು. ಮೂರು ಡೆಸ್ಟ್ರಾಯರ್‌ಗಳು ಯುದ್ಧಕ್ಕೆ ಸ್ವಲ್ಪ ದಿನ ಮೊದಲೇ ಬ್ರಿಟನ್ ಕಡೆ ಹೊರಟಿದ್ದವು. ಇನ್ನು 'ಓಜೆವ್' ಎಂಬ ಸಬ್‌ಮರೀನಿನ ಸಾಹಸ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಎಸ್ಟೋನಿಯಾದ ಟ್ಯಾಲಿನ್ ಬಂದರಿನಲ್ಲಿ ಅದನ್ನು ಹಿಡಿದಿಟ್ಟುಕೊಂಡು ನಕ್ಷೆಗಳನ್ನೂ ಬಹುಪಾಲು ಟಾರ್ಪಿಡೊಗಳನ್ನೂ ಕಿತ್ತುಕೊಂಡಿದ್ದರು. ಸಿಬ್ಬಂದಿ ರಾತ್ರೋರಾತ್ರಿ ಕಾವಲಿನವರನ್ನು ಹಿಡಿದುಹಾಕಿ ಹಡಗನ್ನು ಹೊರಡಿಸಿದರು. ನೆನಪಿನಿಂದಲೇ ನಕ್ಷೆ ಬರೆದುಕೊಂಡು, ಜರ್ಮನರ ಕಣ್ಣು ತಪ್ಪಿಸಿ ಬಾಲ್ಟಿಕ್ ದಾಟಿ, ಅಕ್ಟೋಬರ್ ಮಧ್ಯದಲ್ಲಿ ಸ್ಕಾಟ್ಲೆಂಡ್ ಮುಟ್ಟಿದರು.

ಪ್ರಶ್ನೆ: ಬ್ರಿಟನ್ನಿನ ಆಕಾಶ ಕಾಪಾಡಿದ್ದು ಪೋಲಿಷ್ ಪೈಲಟ್‌ಗಳು ಅಂತ ಕೆಲವರು ಹೇಳುತ್ತಾರೆ. ಸ್ವಲ್ಪ ಜಾಸ್ತಿ ಆಯಿತು ಅನಿಸುವುದಿಲ್ವಾ?

'ಅವರೇ ಕಾಪಾಡಿದ್ದು' ಅಂದರೆ ಜಾಸ್ತಿಯೇ. 1940ರಲ್ಲಿ ಜರ್ಮನ್ ವಾಯುಪಡೆ ಬ್ರಿಟನ್ ಮೇಲೆ ಎರಗಿದಾಗ ನಡೆದ ಆಕಾಶ ಕಾಳಗದಲ್ಲಿ ಬ್ರಿಟನ್ ಪರ ಹಾರಿದ ಸುಮಾರು 3,000 ಜನರಲ್ಲಿ ಪೋಲೆಂಡಿನವರು 145. ಅಂದರೆ ಇಪ್ಪತ್ತರಲ್ಲಿ ಒಬ್ಬರು. ಆದರೆ ಅವರು ಬಂದ ಹೊತ್ತು ನೋಡಿ. ಆಗಸ್ಟ್ ಕೊನೆಗೆ ಬ್ರಿಟನ್ನಿನಲ್ಲಿ ಪೈಲಟ್‌ಗಳೇ ಸಾಲದಾಗಿದ್ದರು. ಅಲ್ಲಿಯವರೆಗೆ ಇವರನ್ನು ನಂಬಿರಲಿಲ್ಲ. ಭಾಷೆ ಬರುವುದಿಲ್ಲ, ಸೋತು ಬಂದವರು ಬೇರೆ ಎಂಬ ಅನುಮಾನ. ಇವರಿಗೂ ಹೊಸ ವಿಮಾನ ಕಲಿಯಬೇಕಿತ್ತು. ಇವರ ಹಳೆಯ ಫೈಟರ್ ವಿಮಾನಗಳ ಚಕ್ರ ಒಳಗೆ ಮಡಚಿಕೊಳ್ಳುತ್ತಲೇ ಇರಲಿಲ್ಲ. ಹಾಗಾಗಿ ಇಳಿಯುವ ಮೊದಲು ಚಕ್ರ ಕೆಳಗಿಳಿಸುವುದನ್ನೇ ಹೊಸ ಅಭ್ಯಾಸ ಮಾಡಿಕೊಳ್ಳಬೇಕಾಯಿತು.

ಆಗಸ್ಟ್ 30ರಂದು ಲಂಡನ್ ಹತ್ತಿರದ ನಾರ್ತೋಲ್ಟ್ ನೆಲೆಯ ಪೋಲಿಷ್ 303 ಸ್ಕ್ವಾಡ್ರನ್ ಬರೀ ತರಬೇತಿಗೆ ಹಾರಿತ್ತು. ಪಾಷ್ಕಿಯೆವಿಚ್ ಎಂಬ ಪೈಲಟ್‌ಗೆ ಜರ್ಮನ್ ವಿಮಾನಗಳು ಕಂಡವು. ಸಾಲು ಬಿಟ್ಟು ಹೋಗಿ ಒಂದನ್ನು ಹೊಡೆದುಹಾಕಿದ. ಬೈಗುಳ ಸಿಕ್ಕಿತು, ಜೊತೆಗೇ ಶಹಬ್ಬಾಸ್‌ಗಿರಿಯೂ ಸಿಕ್ಕಿತು. ಮಾರನೇ ದಿನ ಸ್ಕ್ವಾಡ್ರನ್ ಯುದ್ಧಕ್ಕೆ ಇಳಿಯಿತು. ಆರು ವಾರಗಳಲ್ಲಿ ಅವರು ಹೊಡೆದೆವೆಂದು ಹೇಳಿಕೊಂಡ ಸಂಖ್ಯೆ 126. ಯುದ್ಧದ ನಂತರ ಜರ್ಮನ್ ದಾಖಲೆಗಳ ಜೊತೆ ಹೋಲಿಸಿದಾಗ ಇದು ಸಾಕಷ್ಟು ಇಳಿಯಿತು. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ, ಆ ಗಡಿಬಿಡಿಯಲ್ಲಿ ಎಲ್ಲ ಸ್ಕ್ವಾಡ್ರನ್‌ಗಳ ಲೆಕ್ಕವೂ ಹಾಗೇ ಉಬ್ಬಿತ್ತು. ಇಳಿದ ಮೇಲೂ 303ರ ಸ್ಥಾನ ಮೇಲಿನ ಸಾಲಿನಲ್ಲೇ ಇದೆ. ತಮಾಷೆ ಎಂದರೆ ಅದರ ಅತಿ ಹೆಚ್ಚು ಗೆಲುವಿನ ಪೈಲಟ್ ಪೋಲೆಂಡಿನವನೇ ಅಲ್ಲ. ಫ್ರಾಂಟಿಶೆಕ್ ಎಂಬ ಚೆಕ್, ಅವನ ಲೆಕ್ಕ 17.

ಪೋಲಿಷ್ ಸ್ಕ್ವಾಡ್ರನ್‌ಗಳು ಇಲ್ಲದಿದ್ದರೆ ಫಲಿತಾಂಶ ಇದೇ ಆಗುತ್ತಿತ್ತು ಎಂದು ಹೇಳಲು ತಾವು ಹಿಂಜರಿಯುವುದಾಗಿ ಆಗಿನ ಫೈಟರ್ ಪಡೆಯ ಮುಖ್ಯಸ್ಥ ಡೌಡಿಂಗ್ ಅವರೇ ಹೇಳಿದ್ದಾರೆ. ಹೊಗಳಿಕೆಯಲ್ಲಿ ಕೈ ಬಿಗಿ ಇದ್ದ ಮನುಷ್ಯ ಅವರು. ಆದ್ದರಿಂದ ನಾನು ಈ ಮಾತಿಗೆ ತೂಕ ಕೊಡುತ್ತೇನೆ.

ಪ್ರಶ್ನೆ: ಎನಿಗ್ಮಾ ಗೂಢಲಿಪಿ ಒಡೆದದ್ದು ಬ್ರಿಟಿಷರಲ್ವಾ? ಪೋಲೆಂಡಿಗೆ ಯಾಕೆ ಆ ಹೆಸರು?

ಜರ್ಮನ್ ಸೇನೆ ಗುಟ್ಟಿನ ಸಂದೇಶ ಬರೆಯುತ್ತಿದ್ದ ಆ ಎನಿಗ್ಮಾ ಯಂತ್ರದ ಲಿಪಿಯನ್ನು ಮೊದಲು ಒಡೆದವರು ಪೋಲೆಂಡಿನ ಗಣಿತಜ್ಞರು. ಮರಿಯನ್ ರೆಯೆವ್‌ಸ್ಕಿ 1932ರ ಕೊನೆಗೇ ಆ ಯಂತ್ರದ ಒಳಗಿನ ತಂತಿ ಜೋಡಣೆಯನ್ನು ಲೆಕ್ಕದಿಂದ ಕಂಡುಹಿಡಿದಿದ್ದರು. ರುಝಿತ್ಸ್ಕಿ, ಜಿಗಾಲ್ಸ್ಕಿ ಜೊತೆಗಿದ್ದರು. ಯುದ್ಧ ಶುರುವಾಗುವ ಮುಂಚೆ, 1939ರ ಜುಲೈನಲ್ಲಿ, ವಾರ್ಸಾ ಹತ್ತಿರ ಬ್ರಿಟಿಷರನ್ನೂ ಫ್ರೆಂಚರನ್ನೂ ಕರೆದು ಎಲ್ಲವನ್ನೂ ಸುಮ್ನೆ ಕೊಟ್ಟುಬಿಟ್ಟರು. ಮುಂದೆ ಬ್ರಿಟಿಷರು ತಮ್ಮ ಗೂಢಲಿಪಿ ಕೇಂದ್ರವಾದ ಬ್ಲೆಚ್ಲಿ ಪಾರ್ಕ್‌ನಲ್ಲಿ ಮಾಡಿದ ಕೆಲಸ ದೊಡ್ಡದು, ಅದನ್ನು ಕಡಿಮೆ ಮಾಡಬೇಕಿಲ್ಲ. ಆದರೆ ರೆಯೆವ್‌ಸ್ಕಿ 1943ರಲ್ಲಿ ಹೇಗೋ ಬ್ರಿಟನ್ ತಲುಪಿದಾಗ ಅವರನ್ನು ಆ ಕೆಲಸದ ಹತ್ತಿರಕ್ಕೂ ಬಿಟ್ಟುಕೊಳ್ಳಲಿಲ್ಲ. ಸಣ್ಣಪುಟ್ಟ ಸಂಕೇತಗಳನ್ನು ಬಿಡಿಸಲು ಕೂರಿಸಿದರು.

ಪ್ರಶ್ನೆ: ಆಂಡರ್ಸ್ ಸೇನೆ ಸೈಬೀರಿಯಾದಿಂದ ಬಂದದ್ದು ಎಂದು ಓದಿದೆ. ಸೈಬೀರಿಯಾದಿಂದ ಇಟಲಿಗೆ ಹೇಗೆ?

ನನ್ನ ಪ್ರಕಾರ ಇಡೀ ಕತೆಯಲ್ಲಿ ನಂಬಲು ಕಷ್ಟವಾಗುವ ಭಾಗ ಇದು. ಪೂರ್ವ ಪೋಲೆಂಡನ್ನು ನುಂಗಿದ ಸೋವಿಯತ್ ಆಡಳಿತ 1940, 41ರಲ್ಲಿ ಅಲ್ಲಿನ ಲಕ್ಷಾಂತರ ಜನರನ್ನು ದನದ ರೈಲು ಡಬ್ಬಿಗಳಲ್ಲಿ ತುಂಬಿ ಸೈಬೀರಿಯಾಕ್ಕೆ, ಕಝಾಕ್‌ಸ್ತಾನಕ್ಕೆ ಸಾಗಿಸಿತು. ರೈತರು, ಅರಣ್ಯ ನೌಕರರು, ಸೈನಿಕರ ಹೆಂಡತಿ ಮಕ್ಕಳು, ಎಲ್ಲರೂ. ಮುಂದೆ ಈ ಸೇನೆ ಕಟ್ಟಿದ ಪೋಲಿಷ್ ಜನರಲ್ ಆಂಡರ್ಸ್ ಗಾಯಗೊಂಡು ಸೆರೆಸಿಕ್ಕಿ ಮಾಸ್ಕೋದ ಲುಬ್ಯಾಂಕಾ ಜೈಲಿನಲ್ಲಿದ್ದರು.

1941ರ ಜೂನ್ 22ರಂದು ಹಿಟ್ಲರ್ ರಷ್ಯಾ ಮೇಲೆ ಬಿದ್ದ. ಸ್ಟಾಲಿನ್‌ಗೆ ಈಗ ಪೋಲೆಂಡಿನವರು ಬೇಕಾದರು. ಜುಲೈ 30ಕ್ಕೆ ಸಿಕೋರ್ಸ್ಕಿ ಜೊತೆ ಒಪ್ಪಂದವಾಯಿತು, ಕೈದಿಗಳಿಗೆಲ್ಲ 'ಕ್ಷಮಾದಾನ' ಕೊಟ್ಟರು. ಯಾವ ತಪ್ಪಿಗೆ ಕ್ಷಮೆ ಎಂದು ಯಾರೂ ಕೇಳುವ ಹಾಗಿರಲಿಲ್ಲ! ಆಂಡರ್ಸ್ ಜೈಲಿನಿಂದ ನೇರ ಸೇನಾಪತಿ ಕುರ್ಚಿಗೆ ಬಂದರು. ಬುಜುಲುಕ್ ಎಂಬ ಊರಿನಲ್ಲಿ ಸೇನೆ ಸೇರಲು ಕರೆ ಹೋಯಿತು. ಸುದ್ದಿ ಮುಟ್ಟಿದವರು ಶ್ರಮ ಶಿಬಿರಗಳಿಂದ ಸಾವಿರಾರು ಕಿಲೋಮೀಟರ್ ದಾಟಿ ಬಂದರು. ಕಾಲಿಗೆ ಚಿಂದಿ ಸುತ್ತಿಕೊಂಡು, ಮೂಳೆ ಚಕ್ಕಳವಾಗಿ, ಟೈಫಸ್ ಜ್ವರ ಹೊತ್ತುಕೊಂಡು ಬಂದ ಸೈನಿಕರು.

ಒಂದು ವಿಚಿತ್ರ ಕಂಡಿತು. ಸಾಮಾನ್ಯ ಸೈನಿಕರು ಬಂದರು, ಅಧಿಕಾರಿಗಳಲ್ಲಿ ಬಹುಪಾಲು ಜನ ಬರಲೇ ಇಲ್ಲ. ಡಿಸೆಂಬರಿನಲ್ಲಿ ಸಿಕೋರ್ಸ್ಕಿ, ಆಂಡರ್ಸ್ ಇಬ್ಬರೂ ಸ್ಟಾಲಿನ್‌ನನ್ನೇ ಕೇಳಿದರು. ಮಂಚೂರಿಯಾಕ್ಕೆ ಓಡಿಹೋಗಿರಬಹುದು ಎಂದನಂತೆ. ನಿಜ ಏನೆಂದರೆ 1940ರ ವಸಂತದಲ್ಲೇ ಅವನ ಪೊಲೀಸರು ಕಾಟಿನ್ ಕಾಡಿನಲ್ಲಿ ಮತ್ತು ಬೇರೆ ಕಡೆ ಸುಮಾರು 22,000 ಜನರನ್ನು ಗುಂಡಿಟ್ಟು ಕೊಂದಿದ್ದರು. 1943ರ ಏಪ್ರಿಲ್‌ನಲ್ಲಿ ಜರ್ಮನರು ಆ ಗುಂಡಿಗಳನ್ನು ಜಗತ್ತಿಗೆ ತೋರಿಸಿದರು. ರೆಡ್ ಕ್ರಾಸ್ ತನಿಖೆ ಆಗಲಿ ಎಂದು ಪೋಲಿಷ್ ಸರ್ಕಾರ ಕೇಳಿತು, ಅಷ್ಟಕ್ಕೇ ಸ್ಟಾಲಿನ್ ಅದರ ಜೊತೆ ಸಂಬಂಧ ಕಡಿದುಕೊಂಡ. ತಪ್ಪು ತಮ್ಮದೆಂದು ಮಾಸ್ಕೋ ಒಪ್ಪಿಕೊಂಡದ್ದು 1990ರಲ್ಲಿ.

ಅದಕ್ಕೂ ಮೊದಲೇ, 1942ರಲ್ಲಿ ಎರಡು ಕಂತಿನಲ್ಲಿ, ಆಂಡರ್ಸ್ ಜನ ಕ್ಯಾಸ್ಪಿಯನ್ ಸಮುದ್ರ ದಾಟಿ ಇರಾನಿನ ಪಹ್ಲವಿ ಬಂದರು ಸೇರಿದ್ದರು. ಒಟ್ಟು 1 ಲಕ್ಷಕ್ಕೂ ಹೆಚ್ಚು ಜನ, ಅದರಲ್ಲಿ ಹೆಂಗಸರು, ಮಕ್ಕಳು ಸಾವಿರ ಸಾವಿರ. ಸೈನಿಕರು ಅಲ್ಲಿಂದ ಇರಾಕ್, ಪ್ಯಾಲೆಸ್ಟೀನ್, ಈಜಿಪ್ಟ್ ಮೂಲಕ ಇಟಲಿಗೆ ಹೋದರು. ದಾರಿಯಲ್ಲಿ, ಪ್ಯಾಲೆಸ್ಟೀನಿನಲ್ಲಿ, ಅನೇಕ ಯೆಹೂದಿ ಸೈನಿಕರು ಸೇನೆ ಬಿಟ್ಟು ಅಲ್ಲೇ ಉಳಿದರು. ಆ ಸೇನೆಯ ಜೊತೆ ಅಲ್ಲಿಗೆ ಬಂದವರಲ್ಲಿ ಮೆನಾಖೆಮ್ ಬೆಗಿನ್ ಒಬ್ಬರು, ಮುಂದೆ ಇಸ್ರೇಲಿನ ಪ್ರಧಾನಿಯಾದವರು.

ಪ್ರಶ್ನೆ: ಆ ಮಕ್ಕಳಲ್ಲಿ ಕೆಲವರು ಭಾರತಕ್ಕೂ ಬಂದಿದ್ದರಂತೆ, ಹೌದಾ?

ಹೌದು. ಜಾಮ್‌ನಗರದ ಅರಸ ದಿಗ್ವಿಜಯಸಿಂಹಜಿ ಬಾಲಾಚಡಿಯಲ್ಲಿ ಪೋಲಿಷ್ ಮಕ್ಕಳಿಗೆ ಶಿಬಿರ ಕಟ್ಟಿಸಿಕೊಟ್ಟರು. ಅನಾಥರೇ ಜಾಸ್ತಿ. ಕೊಲ್ಲಾಪುರದ ಹತ್ತಿರ ವಳಿವಡೆಯಲ್ಲಿ ಇನ್ನೂ ದೊಡ್ಡ ವಸತಿ ಇತ್ತು, ಸುಮಾರು 5,000 ಜನ. ವಾರ್ಸಾದಲ್ಲಿ ಈಗ 'ಒಳ್ಳೆಯ ಮಹಾರಾಜರ ಚೌಕ' ಎಂಬುದೇ ಇದೆ, ಜಾಮ್ ಸಾಹೇಬರ ನೆನಪಿಗೆ.

ಪ್ರಶ್ನೆ: ಕರಡಿಯೊಂದು ಪೋಲಿಷ್ ಸೇನೆಯಲ್ಲಿ ಸಿಪಾಯಿಯಾಗಿತ್ತು ಅಂತ ನನ್ನ ಮಗ ಹೇಳುತ್ತಾನೆ. ಯಾರೋ ಬಿಟ್ಟ ಬುರುಡೆ ಅಲ್ವಾ?

ಮಗ ಹೇಳಿದ್ದು ಸರಿ ಅಮ್ಮಾ. ಹೆಸರು ವೋಯ್ಟೆಕ್. ಇರಾನಿನಲ್ಲಿ ಮರಿಯಾಗಿದ್ದಾಗ ಸೈನಿಕರ ಕೈಗೆ ಬಂತು. ಈಜಿಪ್ಟಿನಿಂದ ಇಟಲಿಗೆ ಹಡಗು ಹತ್ತುವಾಗ ಪ್ರಾಣಿಗಳಿಗೆ ಜಾಗ ಇಲ್ಲವೆಂದರು. ಸರಿ, 22ನೇ ಫಿರಂಗಿ ಸರಬರಾಜು ಕಂಪನಿಗೆ ಅದನ್ನು ಸಿಪಾಯಿ ಎಂದೇ ಭರ್ತಿ ಮಾಡಿಕೊಂಡರು. ಇಟಲಿಯ ಮಾಂಟೆ ಕ್ಯಾಸಿನೊ ಕಾಳಗದಲ್ಲಿ ಅದು ಗುಂಡಿನ ಪೆಟ್ಟಿಗೆ ಹೊತ್ತಿತು ಎಂದು ಜೊತೆಗಿದ್ದವರು ಹೇಳಿದ್ದಾರೆ. ಶೆಲ್ ಹೊತ್ತ ಕರಡಿಯೇ ಆ ಕಂಪನಿಯ ಲಾಂಛನವೂ ಆಯಿತು. ಯುದ್ಧದ ನಂತರ ಎಡಿನ್‌ಬರೋ ಮೃಗಾಲಯದಲ್ಲಿತ್ತು, 1963ರಲ್ಲಿ ಸತ್ತಿತು.

ಪ್ರಶ್ನೆ: ಮಾಂಟೆ ಕ್ಯಾಸಿನೊ ಗೆದ್ದದ್ದು ಪೋಲೆಂಡಿನವರಾ? ನಮ್ಮ ಸೈನಿಕರೂ ಅಲ್ಲಿದ್ದರು ಎಂದು ಕೇಳಿದ್ದೇನೆ.

ರೋಮಿಗೆ ಹೋಗುವ ದಾರಿಯ ನೆತ್ತಿಯ ಮೇಲೆ ಒಂದು ಬೆಟ್ಟ, ಬೆಟ್ಟದ ಮೇಲೆ ಹಳೆಯ ಕ್ರೈಸ್ತ ಮಠ. ಸುತ್ತ ಜರ್ಮನರ ರಕ್ಷಣಾ ಸಾಲು. 1944ರ ಜನವರಿಯಿಂದ ಮೂರು ಸಲ ದಾಳಿ ನಡೆದು ಮೂರೂ ಸಲ ಸೋತಿತ್ತು. ಅಮೆರಿಕನ್ನರು ಬಂದರು, ನ್ಯೂಜಿಲೆಂಡಿನವರು ಬಂದರು, ನಮ್ಮ 4ನೇ ಇಂಡಿಯನ್ ಡಿವಿಜನ್ ಫೆಬ್ರವರಿ, ಮಾರ್ಚ್‌ನಲ್ಲಿ ಆ ಬಂಡೆಗಳ ಮೇಲೆ ರಕ್ತ ಸುರಿಸಿತು. ನಡುವೆ ಫೆಬ್ರವರಿ 15ರಂದು ಬಾಂಬ್ ಹಾಕಿ ಮಠವನ್ನು ಪುಡಿ ಮಾಡಿದರು. ಅದರಿಂದ ಆದದ್ದು ಉಪಕಾರವಲ್ಲ. ಜರ್ಮನರಿಗೆ ಅಡಗಲು ಇನ್ನೂ ಒಳ್ಳೆಯ ಕಲ್ಲುರಾಶಿ ಸಿಕ್ಕಿತು.

ನಾಲ್ಕನೇ ದಾಳಿ ಮೇ 11ರ ರಾತ್ರಿ. ಮಠದ ಬೆಟ್ಟ ಆಂಡರ್ಸ್ ಅವರ ಪಾಲಿಗೆ ಬಂತು. ಮೊದಲ ನುಗ್ಗುವಿಕೆ ಸೋತು ಹಿಂದೆ ಬಂದರು, ಸಾವು ನೋವು ವಿಪರೀತ. 17ರಂದು ಮತ್ತೆ ಹೋದರು. 18ರ ಬೆಳಿಗ್ಗೆ ಪೊಡೋಲಿಯನ್ ಲ್ಯಾನ್ಸರ್ಸ್ ಪಡೆಯ ಒಂದು ಗಸ್ತು ಮೇಲೆ ಹತ್ತಿ ನೋಡಿದರೆ ಅಲ್ಲಿ ಉಳಿದಿದ್ದವರು ಬಹುಪಾಲು ಗಾಯಾಳು ಜರ್ಮನರು. ಪಾಳು ಗೋಡೆಗಳ ಮೇಲೆ ಪೋಲಿಷ್ ಬಾವುಟ ಹಾರಿತು. ಒಬ್ಬ ಸೈನಿಕ ಕ್ರಾಕೋವ್ ಚರ್ಚಿನ ಗೋಪುರದಿಂದ ಊದುವ ಹಳೆಯ ಕಹಳೆ ರಾಗವನ್ನು ಊದಿದ.

ಹಾಗಾದರೆ ಗೆದ್ದದ್ದು ಅವರೊಬ್ಬರೇನಾ? ಇಲ್ಲ. ಎಡಗಡೆ ಬೆಟ್ಟಗಳಲ್ಲಿ ಜನರಲ್ ಜುವಾಂ ಅವರ ಫ್ರೆಂಚ್ ಪಡೆ, ಅದರಲ್ಲೂ ಉತ್ತರ ಆಫ್ರಿಕಾದವರು, ಯಾರೂ ನಿರೀಕ್ಷಿಸದ ಜಾಗದಲ್ಲಿ ನುಗ್ಗಿದ್ದರು. ಕೆಳಗೆ ಕಣಿವೆಯಲ್ಲಿ ಬ್ರಿಟಿಷರೂ ನಮ್ಮ 8ನೇ ಇಂಡಿಯನ್ ಡಿವಿಜನ್ನೂ ನದಿ ದಾಟಿದ್ದರು. ಅಲ್ಲೇ ಮೇ 12ರಂದು 19 ವರ್ಷದ ಸಿಪಾಯಿ ಕಮಲ್ ರಾಮ್ ವಿಕ್ಟೋರಿಯಾ ಕ್ರಾಸ್ ಗಳಿಸಿದ್ದು. ಹಿಂಬದಿಗೆ ಶತ್ರು ಬರುತ್ತಿದ್ದಾನೆಂದು ಗೊತ್ತಾದ ಮೇಲೆ ಜರ್ಮನರು ಬೆಟ್ಟ ಬಿಟ್ಟರು. ಆದರೆ ಅಲ್ಲಿಯವರೆಗೆ ಆ ಬೆಟ್ಟದ ಜರ್ಮನರನ್ನು ಅಲ್ಲಾಡಲು ಬಿಡದೆ ಹಿಡಿದಿಟ್ಟವರು ಪೋಲಿಷರು. ಅದಕ್ಕೆ ಕೊಟ್ಟ ಬೆಲೆ 900ಕ್ಕೂ ಹೆಚ್ಚು ಸಾವು, ಸುಮಾರು 3,000 ಗಾಯಾಳುಗಳು. ಅಲ್ಲಿನ ಪೋಲಿಷ್ ಸ್ಮಶಾನದಲ್ಲಿ ಸಾವಿರಕ್ಕಿಂತ ಜಾಸ್ತಿ ಗೋರಿಗಳಿವೆ. 1970ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡ ಆಂಡರ್ಸ್ ಅವರನ್ನೂ ಅಲ್ಲೇ ಮಣ್ಣು ಮಾಡಿದರು.

ಪ್ರಶ್ನೆ: ಇಷ್ಟು ಜನ ಸಾಯುತ್ತಾ ಹೋದರೆ ಹೊಸ ಸೈನಿಕರು ಎಲ್ಲಿಂದ? ದೇಶ ಶತ್ರುವಿನ ಕೈಯಲ್ಲಿತ್ತಲ್ಲ.

ಬಹಳ ಒಳ್ಳೆಯ ಪ್ರಶ್ನೆ. ಉತ್ತರ ಕೇಳಿದರೆ ಗಾಬರಿಯಾಗುತ್ತದೆ: ಬಹಳಷ್ಟು ಜನ ಶತ್ರುವಿನ ಸೇನೆಯಿಂದಲೇ ಬಂದರು. ಸಿಲೇಸಿಯಾ, ಪೊಮೆರೇನಿಯಾಗಳನ್ನು ಜರ್ಮನಿ ತನ್ನೊಳಗೇ ಸೇರಿಸಿಕೊಂಡಿತ್ತು. ಅಲ್ಲಿನ ಪೋಲಿಷ್ ಹುಡುಗರನ್ನು ಬಲವಂತವಾಗಿ ಜರ್ಮನ್ ಸಮವಸ್ತ್ರಕ್ಕೆ ತುರುಕಿದರು. ಇಟಲಿಯಲ್ಲೋ ಫ್ರಾನ್ಸಿನಲ್ಲೋ ಮಿತ್ರಸೇನೆಗೆ ಸೆರೆಸಿಕ್ಕ ಕೂಡಲೇ ಅವರಲ್ಲಿ ಸಾವಿರಾರು ಜನ ಪೋಲಿಷ್ ಸೇನೆಗೆ ಬದಲಾದರು. ಮತ್ತೆ ಜರ್ಮನರ ಕೈಗೆ ಸಿಕ್ಕರೆ ದ್ರೋಹಿಗಳೆಂದು ಕೊಲ್ಲುತ್ತಾರೆ, ಊರಿನಲ್ಲಿ ಮನೆಯವರಿಗೂ ತೊಂದರೆ. ಅದಕ್ಕೇ ಎಷ್ಟೋ ಜನ ಬೇರೆ ಹೆಸರಿಟ್ಟುಕೊಂಡು ಹೋರಾಡಿದರು.

ಪ್ರಶ್ನೆ: ಯಾಲ್ಟಾದಲ್ಲಿ ತಮ್ಮ ದೇಶವನ್ನು ಸ್ಟಾಲಿನ್‌ಗೆ ಬಿಟ್ಟುಕೊಟ್ಟ ಮೇಲೂ ಇವರು ಯಾಕೆ ಬಂದೂಕು ಕೆಳಗಿಡಲಿಲ್ಲ? ನಾನಾಗಿದ್ದರೆ ಬಿಟ್ಟು ಹೋಗುತ್ತಿದ್ದೆ.

ಬಿಟ್ಟು ಹೋಗುವುದಾದರೂ ಎಲ್ಲಿಗೆ ಹೇಳಿ? 1945ರ ಫೆಬ್ರವರಿಯಲ್ಲಿ ಚರ್ಚಿಲ್, ರೂಸ್‌ವೆಲ್ಟ್, ಸ್ಟಾಲಿನ್ ಕೂತು ಪೋಲೆಂಡಿನ ಪೂರ್ವ ಭಾಗ ಸೋವಿಯತ್ತಿಗೆ ಎಂದು ಒಪ್ಪಿಕೊಂಡರು. ಲ್ವೂವ್, ವಿಲ್ನೊ ನಗರಗಳೆರಡೂ ಹೋದವು. ಪೋಲಿಷ್ ಸರ್ಕಾರದವರನ್ನು ಆ ಕೋಣೆಗೆ ಕರೆದಿರಲೇ ಇಲ್ಲ. ಆಂಡರ್ಸ್ ಸೈನಿಕರಲ್ಲಿ ಬಹುಪಾಲು ಜನರ ಮನೆ ಇದ್ದದ್ದು ಸರಿಯಾಗಿ ಅಲ್ಲೇ. ಯುದ್ಧ ಗೆದ್ದರೂ ಅವರಿಗೆ ವಾಪಸ್ ಹೋಗಲು ಊರಿಲ್ಲ. ಹಿಂದಿನ ವರ್ಷವಷ್ಟೇ ಜರ್ಮನರ ವಿರುದ್ಧ ವಾರ್ಸಾ ದಂಗೆ 63 ದಿನ ನಡೆದು ಊರಿಗೆ ಊರೇ ಬೂದಿಯಾಗಿತ್ತು, ಇಟಲಿಯಿಂದ ಹಾರಿದ ಪೋಲಿಷ್ ವಿಮಾನಗಳು ಅಲ್ಲಿಗೆ ಮದ್ದುಗುಂಡು ಹಾಕಿ ಬರಲು ಹೋಗಿ ಒಂದೊಂದಾಗಿ ಬಿದ್ದಿದ್ದವು. ಅದರ ಮೇಲೆ ಈ ಸುದ್ದಿ.

ಆಂಡರ್ಸ್ ಸಿಟ್ಟಿಗೆದ್ದು ತಮ್ಮ ಪಡೆಯನ್ನು ಮುಂಚೂಣಿಯಿಂದ ವಾಪಸ್ ತೆಗೆದುಕೊಳ್ಳುವುದಾಗಿ ಹೇಳಿದರು. ಆ ಜಾಗಕ್ಕೆ ಹಾಕಲು ಬೇರೆ ಪಡೆ ಇಲ್ಲ ಎಂಬ ಉತ್ತರ ಬಂತು. ಇವರು ಬಿಟ್ಟರೆ ಪಕ್ಕದಲ್ಲಿ ನಿಂತವರು ಸಾಯುತ್ತಾರೆ. ಹಾಗಾಗಿ ನಿಂತರು. ಏಪ್ರಿಲ್ 21ರಂದು ಬೊಲೋನ್ಯಾ ನಗರಕ್ಕೆ ಮೊದಲು ನುಗ್ಗಿದವರಲ್ಲಿ ಅವರೇ ಇದ್ದರು. ಇದನ್ನು ಬರೀ ಶಿಸ್ತು ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಲಂಡನ್ನಿನ ಸರ್ಕಾರದ ಕೈಯಲ್ಲಿ ಉಳಿದಿದ್ದ ಒಂದೇ ದಾಳವೆಂದರೆ ಈ ಸೇನೆ. ಅದು ಹೋದರೆ ಮಾತಾಡಲು ಯಾರೂ ಕುರ್ಚಿ ಕೂಡ ಹಾಕುವುದಿಲ್ಲ ಎಂಬ ಲೆಕ್ಕವೂ ಇತ್ತು. ಆ ಲೆಕ್ಕ ತಪ್ಪಾಯಿತು. ಜುಲೈನಲ್ಲಿ ಬ್ರಿಟನ್, ಅಮೆರಿಕ ಎರಡೂ ಸ್ಟಾಲಿನ್ ಬೆಂಬಲದ ವಾರ್ಸಾದ ಹೊಸ ಸರ್ಕಾರವನ್ನು ಮಾನ್ಯ ಮಾಡಿ ಇವರ ಮಾನ್ಯತೆ ತೆಗೆದುಹಾಕಿದವು. ಆಗ ಪಶ್ಚಿಮದಲ್ಲಿ ಪೋಲಿಷ್ ಸಮವಸ್ತ್ರ ತೊಟ್ಟವರು 2 ಲಕ್ಷಕ್ಕಿಂತ ಹೆಚ್ಚು.

(ಪೂರ್ವದಲ್ಲಿ ಸೋವಿಯತ್ ಜೊತೆಗೂ ಇನ್ನೊಂದು ಪೋಲಿಷ್ ಸೇನೆ ಇತ್ತು, ಅದು ಬರ್ಲಿನ್‌ವರೆಗೆ ಹೋಯಿತು. ಆಂಡರ್ಸ್ ಜೊತೆ ಹೋಗಲು ಆಗದವರೇ ಅದರಲ್ಲಿ ತುಂಬಾ. ಅವರನ್ನು ಕಮ್ಯುನಿಸ್ಟರೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ನ್ಯಾಯವಲ್ಲ.)

ಪ್ರಶ್ನೆ: ಗೆದ್ದ ಮೇಲೆ ಇವರ ಜನರಲ್‌ಗಳಿಗೆ ಏನು ಮರ್ಯಾದೆ ಸಿಕ್ಕಿತು?

ಕೇಳಿದರೆ ಬೇಸರವಾಗುತ್ತದೆ. ಜನರಲ್ ಮಾಚೆಕ್ ಅವರ ಟ್ಯಾಂಕ್ ಡಿವಿಜನ್ 1944ರ ಆಗಸ್ಟ್‌ನಲ್ಲಿ ಫ್ರಾನ್ಸಿನ ಫಲೇಸ್ ಹತ್ತಿರ ಜರ್ಮನ್ ಸೇನೆ ತಪ್ಪಿಸಿಕೊಳ್ಳುವ ದಾರಿಗೆ ಅಡ್ಡ ನಿಂತಿತ್ತು. ಅಕ್ಟೋಬರ್‌ನಲ್ಲಿ ನೆದರ್‌ಲೆಂಡ್ಸಿನ ಬ್ರೆಡಾ ನಗರವನ್ನು ಹೆಚ್ಚು ಹಾಳಾಗದ ಹಾಗೆ ಬಿಡಿಸಿತು. ಯುದ್ಧ ಮುಗಿದ ಮೇಲೆ ವಾರ್ಸಾ ಸರ್ಕಾರ ಅವರ ಪೌರತ್ವ ಕಿತ್ತುಕೊಂಡಿತು, ಬ್ರಿಟನ್ ಪಿಂಚಣಿ ಕೊಡಲಿಲ್ಲ. ಅವರು ಎಡಿನ್‌ಬರೋದಲ್ಲಿ ಬಾರ್ ಕೌಂಟರಿನಲ್ಲಿ ಕೆಲಸ ಮಾಡಿದರು. 1994ರಲ್ಲಿ, 102ನೇ ವಯಸ್ಸಿನಲ್ಲಿ ತೀರಿಕೊಂಡರು.

ಪ್ಯಾರಾಶೂಟ್ ಬ್ರಿಗೇಡಿನ ಸೊಸಬೊವ್‌ಸ್ಕಿ ಕತೆ ಇನ್ನೂ ಕಹಿ. ನೆದರ್‌ಲೆಂಡ್ಸಿನ ಆರ್ನೆಮ್ ಸೇತುವೆ ಹಿಡಿಯಲು ಪ್ಯಾರಾಶೂಟ್ ಪಡೆ ಇಳಿಸುವ ಯೋಜನೆ ಸರಿಯಿಲ್ಲ ಎಂದು ಮೊದಲೇ ಹೇಳಿದವರು ಅವರು. ಯೋಜನೆ ಮಣ್ಣುಪಾಲಾದಾಗ ಬ್ರಿಟಿಷ್ ಸೇನಾಧಿಕಾರಿಗಳು ದೂರಿದ್ದು ಅವರನ್ನೇ. ಪದವಿ ಹೋಯಿತು, ಮುಂದೆ ಲಂಡನ್ನಿನ ಕಾರ್ಖಾನೆಯೊಂದರಲ್ಲಿ ದುಡಿದರು. 2006ರಲ್ಲಿ ಡಚ್ ಸರ್ಕಾರ ಅವರಿಗೆ ಮರಣೋತ್ತರ ಪದಕ ಕೊಟ್ಟಿತು. ಸಿಕೋರ್ಸ್ಕಿ ಇದನ್ನೆಲ್ಲ ನೋಡಲು ಉಳಿಯಲಿಲ್ಲ, 1943ರ ಜುಲೈ 4ರಂದು ಜಿಬ್ರಾಲ್ಟರಿನಲ್ಲಿ ವಿಮಾನ ಬಿದ್ದು ಸತ್ತಿದ್ದರು.

1946ರ ಜೂನ್ 8ರ ಲಂಡನ್ ವಿಜಯ ಮೆರವಣಿಗೆಯಲ್ಲೂ ಇವರು ಇರಲಿಲ್ಲ. ಬ್ರಿಟನ್ ಕರೆದದ್ದು ವಾರ್ಸಾ ಸರ್ಕಾರವನ್ನು, ಅವರು ಬರಲಿಲ್ಲ. ಬ್ರಿಟಿಷ್ ವಾಯುಪಡೆ ಜೊತೆ ಹಾರಿದ 25 ಜನರಿಗೆ ಮಾತ್ರ ಕರೆ ಬಂತು. ಉಳಿದವರನ್ನು ಬಿಟ್ಟು ನಾವಷ್ಟೇ ಬರುವುದಿಲ್ಲ ಎಂದು ಅವರೂ ಹೋಗಲಿಲ್ಲ. ಸರಿಯಾದದ್ದನ್ನೇ ಮಾಡಿದರು.

ಪ್ರಶ್ನೆ: ಊರಿಗೆ ವಾಪಸ್ ಹೋದವರ ಗತಿ?

ಒಬ್ಬರ ಉದಾಹರಣೆ ಕೊಡುತ್ತೇನೆ. ಸ್ತನಿಸ್ವಾಫ್ ಸ್ಕಾಲ್ಸ್ಕಿ, ಯುದ್ಧದಲ್ಲಿ ಪೋಲೆಂಡಿನ ಅತಿ ದೊಡ್ಡ ಹೆಸರಿನ ಫೈಟರ್ ಪೈಲಟ್. 1947ರಲ್ಲಿ ಹೋದರು. ಮಾರನೇ ವರ್ಷ ಗೂಢಚಾರನೆಂದು ಹಿಡಿದು ಹಿಂಸೆ ಕೊಟ್ಟು ಗಲ್ಲು ಶಿಕ್ಷೆ ವಿಧಿಸಿದರು. ಆಮೇಲೆ ಅದನ್ನು ಜೀವಾವಧಿಗೆ ಇಳಿಸಿ 1956ರಲ್ಲಿ ಬಿಟ್ಟರು. ಎಲ್ಲರಿಗೂ ಹೀಗಾಗಲಿಲ್ಲ, ಆದರೆ ಪಶ್ಚಿಮದಿಂದ ಬಂದವರೆಂದರೆ ಸರ್ಕಾರದ ಕಣ್ಣು ಇದ್ದೇ ಇರುತ್ತಿತ್ತು. ಇದು ಗೊತ್ತಿದ್ದೇ ಲಕ್ಷಕ್ಕೂ ಹೆಚ್ಚು ಜನ ಬ್ರಿಟನ್ನಿನಲ್ಲೇ ಉಳಿದರು. ಅವರು ಅಲ್ಲಿ ನೆಲೆಸಲು 1947ರಲ್ಲಿ ಒಂದು ಕಾನೂನನ್ನೇ ಮಾಡಬೇಕಾಯಿತು.

ಪ್ರಶ್ನೆ: ಲಂಡನ್ನಿನ ಆ ಸರ್ಕಾರ ಯಾವಾಗ ಮುಚ್ಚಿತು?

ನೀವು ಅಂದುಕೊಂಡದ್ದಕ್ಕಿಂತ ತುಂಬಾ ತಡವಾಗಿ. ಯಾವ ದೊಡ್ಡ ದೇಶವೂ ಒಪ್ಪದಿದ್ದರೂ ಅಧ್ಯಕ್ಷ, ಪ್ರಧಾನಿ, ಮಂತ್ರಿಗಳು ಎಲ್ಲ ಇದ್ದರು. 1990ರಲ್ಲಿ ಜನರೇ ಆರಿಸಿದ ಅಧ್ಯಕ್ಷ ಲೆಖ್ ವಾಲೆಂಸಾ ಬಂದ ಮೇಲೆ, ಡಿಸೆಂಬರ್ 22ರಂದು, ಲಂಡನ್ನಿನ ಕೊನೆಯ ಅಧ್ಯಕ್ಷ ಕಚೊರೊವ್‌ಸ್ಕಿ ವಾರ್ಸಾಕ್ಕೆ ಹೋಗಿ ಅಧ್ಯಕ್ಷ ಪದವಿಯ ಲಾಂಛನಗಳನ್ನು ಅವರ ಕೈಗೆ ಒಪ್ಪಿಸಿದರು. ಈ ಕಚೊರೊವ್‌ಸ್ಕಿ ಕೂಡ ಸೋವಿಯತ್ ಶ್ರಮ ಶಿಬಿರದಿಂದ ಆಂಡರ್ಸ್ ಸೇನೆಗೆ ಬಂದು ಮಾಂಟೆ ಕ್ಯಾಸಿನೊದಲ್ಲಿ ಹೋರಾಡಿದವರೇ.